ಏದುಸಿರು ಬಿಡುವ ನಾಯಿಯ ಎದೆ ಎಕ್ಸ್‌ರೇ: ಮಸುಕು ಹೋದದ್ದು ಹೀಗೆ

ನಮ್ಮ ಕ್ಲಿನಿಕ್‌ಗೆ ಕೆಮ್ಮುವ ಲ್ಯಾಬ್ರಡಾರ್ ಬಂದಿತ್ತು. ಎದೆಯ ಎಕ್ಸ್‌ರೇ ತೆಗೆದರೆ ಶ್ವಾಸಕೋಶದ ರಕ್ತನಾಳಗಳ ಅಂಚೇ ಕಾಣಲಿಲ್ಲ. ಅದೇ ಚಿತ್ರದಲ್ಲಿ ಬೆನ್ನುಮೂಳೆ ಮಾತ್ರ ಸ್ಪಷ್ಟವಾಗಿತ್ತು. ಅಂದ್ರೆ ಮೆಷಿನ್ ಸರಿಯಿದೆ, ಅಲುಗಾಡಿದ್ದು ಎದೆ. ನಾಯಿ ನಾಲಿಗೆ ಚಾಚಿ ಏದುಸಿರು ಬಿಡುತ್ತಿತ್ತಲ್ವಾ!

ನಮ್ಮದು ಪೋರ್ಟಬಲ್ ಮೆಷಿನ್, 50 ಎಂಎ (ಮಿಲಿಆಂಪಿಯರ್, ಟ್ಯೂಬಿನ ಕರೆಂಟು) ಮಾತ್ರ. 60 ಕೆವಿ (ಕಿರಣ ಎಷ್ಟು ತೂರಿಹೋಗಬೇಕೆಂದು ನಿರ್ಧರಿಸುವ ವೋಲ್ಟೇಜ್), 5 ಎಂಎಎಸ್ (ಎಂಎ ಗುಣಿಸು ಸೆಕೆಂಡ್, ಅಂದ್ರೆ ಕಿರಣದ ಪ್ರಮಾಣ) ಇಟ್ಟರೆ ಎಕ್ಸ್‌ಪೋಶರ್, ಅಂದ್ರೆ ಕಿರಣ ಬೀಳುವ ಸಮಯ, 0.1 ಸೆಕೆಂಡ್. ಏದುಸಿರಿಗೆ ಅದು ಜಾಸ್ತಿಯೇ. ಕೆವಿಯನ್ನು ಸುಮಾರು 15% ಏರಿಸಿದರೆ ಎಂಎಎಸ್ ಅರ್ಧಕ್ಕೆ ಇಳಿಸಬಹುದು. 70 ಕೆವಿ, 2.5 ಎಂಎಎಸ್ ಮಾಡಿದೆ. ಸಮಯ 0.05 ಸೆಕೆಂಡಿಗೆ ಇಳಿಯಿತು. ಕಾಂಟ್ರಾಸ್ಟ್ (ಕಪ್ಪು-ಬಿಳುಪಿನ ಅಂತರ) ಸ್ವಲ್ಪ ತಗ್ಗುತ್ತದೆ, ನಿಜ. ಎದೆಗೆ ಅದೇ ಒಳ್ಳೆಯದು, ಬೂದು ಬಣ್ಣದ ಸೂಕ್ಷ್ಮ ವ್ಯತ್ಯಾಸಗಳು ಉಳಿಯುತ್ತವೆ.

ಮುಂಗಾಲುಗಳನ್ನು ಚೆನ್ನಾಗಿ ಮುಂದಕ್ಕೆ ಎಳೆದಿಟ್ಟೆವು. ಇಲ್ಲದಿದ್ದರೆ ತೋಳಿನ ಮಾಂಸಖಂಡ ಶ್ವಾಸಕೋಶದ ಮುಂಭಾಗವನ್ನು ಮುಚ್ಚಿಬಿಡುತ್ತದೆ. ಉಸಿರು ಪೂರ್ತಿ ಒಳಗೆಳೆದ ಕ್ಷಣಕ್ಕೆ ಬಟನ್ ಒತ್ತಿದೆ. ರಕ್ತನಾಳದ ಕವಲುಗಳು ಅಂಚಿನವರೆಗೂ ಬಿಡಿಬಿಡಿಯಾಗಿ ಕಂಡವು. ತುಂಬಾ ಖುಷಿಯಾಯಿತು.

ಇನ್ನೊಂದು ಮಾತು. ಉಸಿರಾಟಕ್ಕೇ ಒದ್ದಾಡುವ ನಾಯಿಯನ್ನು ದಯವಿಟ್ಟು ಅಂಗಾತ ಮಲಗಿಸಬೇಡಿ, ಜೀವಕ್ಕೇ ಅಪಾಯ. ಮೊದಲು ಆಕ್ಸಿಜನ್ ಕೊಡಿ. ಆಮೇಲೆ ಹೊಟ್ಟೆಯ ಮೇಲೆ ಮಲಗಿಸಿ ಎಕ್ಸ್‌ರೇ ತೆಗೆಯಿರಿ.