ಪ್ರೊಮಿಥಿಯಸ್‌ನಲ್ಲಿ ಅಲರ್ಟ್ ಹಾಕುವಾಗ: ಯಾವುದಕ್ಕೆ ಫೋನ್ ಹೊಡ್ಕೊಳ್ಳಬೇಕು, ಯಾವುದಕ್ಕೆ ಬೇಡ

ಸರ್ವರ್‌ಗೆ ನೋಡ್ ಎಕ್ಸ್‌ಪೋರ್ಟರ್ (ಸಿಪಿಯು, ಮೆಮೊರಿ, ಡಿಸ್ಕ್‌ನ ಅಂಕಿ ಕೊಡುವ ಪ್ರೋಗ್ರಾಂ) ಹಾಕಿ, ಆ ಅಂಕಿಗಳನ್ನು ಕೂಡಿಟ್ಟು ಮಿತಿ ದಾಟಿದಾಗ ಅಲರ್ಟ್ ಎಬ್ಬಿಸುವ ಪ್ರೊಮಿಥಿಯಸ್‌ಗೆ ಜೋಡಿಸಿದ ಮೇಲೆ ಹೆಚ್ಚಿನವರು ಬರೆಯುವ ಮೊದಲ ರೂಲ್ ಸಿಪಿಯು 80% ದಾಟಿದರೆ ಅಲರ್ಟ್ ಅನ್ನುವುದು. ನಾನೂ ಅದನ್ನೇ ಬರೆದಿದ್ದೆ. ಆಗ ನಾನಿದ್ದ ಕಡೆ ದಿನಾ ರಾತ್ರಿ ಎರಡಕ್ಕೆ ಡೇಟಾಬೇಸ್ ಬ್ಯಾಕಪ್ ಶುರುವಾಗುತ್ತಿತ್ತು. ಡೇಟಾದ ಪೂರ್ತಿ ಪ್ರತಿ (ಡಂಪ್) ತೆಗೆದು ಜಿಜಿಪ್‌ನಲ್ಲಿ ಕುಗ್ಗಿಸುವಾಗ ಸಿಪಿಯು ಏರಲೇಬೇಕು, ಅದು ತಪ್ಪಲ್ಲ. ಎರಡೂ ಹತ್ತಕ್ಕೆ ಒಂದು ಮೆಸೇಜ್, ಎರಡೂವರೆಗೆ ಇನ್ನೊಂದು. ಹತ್ತು ದಿನ ಆಗುವಷ್ಟರಲ್ಲಿ ಕಣ್ಣು ಬಿಡದೆಯೇ ಫೋನ್ ಬೋರಲು ಹಾಕುವುದು ರೂಢಿಯಾಯಿತು. ಒಂದು ರಾತ್ರಿ ಆ ಸಿಪಿಯು ಮೆಸೇಜ್‌ಗಳ ನಡುವೆ, ಅದೇ ಸದ್ದಿನಲ್ಲಿ, ಡಿಸ್ಕ್ 97% ಅಂತ ಒಂದು ಬಂದಿತ್ತು. ಬೆಳಗ್ಗೆ ಆರಕ್ಕೆ ನೋಡಿದರೆ ಡೇಟಾಬೇಸ್ ಬರೆಯುವುದನ್ನೇ ನಿಲ್ಲಿಸಿತ್ತು.

ಅವತ್ತಿನಿಂದ ಒಂದೇ ಅಳತೆ ಇಟ್ಟುಕೊಂಡಿದ್ದೇನೆ. ಫೋನ್ ಸದ್ದು ಮಾಡಿದರೆ, ಎದ್ದವರಿಗೆ ಆ ಹೊತ್ತಿನಲ್ಲೇ ಮಾಡಬೇಕಾದ ಕೆಲಸ ಇರಬೇಕು. ಕೆಲಸ ಇಲ್ಲ ಅಂದರೆ ಅದು ಗ್ರಾಫ್‌ನಲ್ಲಿರಲಿ, ಹೆಚ್ಚೆಂದರೆ ಇಮೇಲ್‌ಗೆ ಹೋಗಲಿ.

ಆ ಲೆಕ್ಕದಲ್ಲಿ ಸಿಪಿಯುಗೆ ಫೋನ್ ಬೇಡ. ಸೈಟ್ ನಿಧಾನವಾಗಿದೆಯಾ, 500ರ ಎರರ್‌ಗಳು (ಸರ್ವರ್ ಕಡೆಯ ತಪ್ಪುಗಳು) ಜಾಸ್ತಿ ಆಗಿವೆಯಾ ಅನ್ನುವುದಕ್ಕೆ ಫೋನ್ ಇಡಿ, ಯಾಕಂದ್ರೆ ಬಳಸುವವರಿಗೆ ತಾಗುವುದು ಅದೇ. ಸಿಪಿಯುಗೆ ರೂಲ್ ಬೇಕೇ ಬೇಕು ಅಂದರೆ ಅಂಕಿಯ ಜೊತೆ ಸಮಯವನ್ನೂ ಸೇರಿಸಿ. ರೂಲ್‌ನಲ್ಲಿ 'ಫಾರ್' ಅಂತ ಒಂದು ಸಾಲು ಇರುತ್ತದೆ. ಅಲ್ಲಿ 15 ನಿಮಿಷ ಅಂತ ಬರೆದರೆ, ಮಿತಿ ದಾಟಿದ ತಕ್ಷಣ ಅಲರ್ಟ್ ಪೆಂಡಿಂಗ್ ಆಗಿ ಕೂರುತ್ತದೆ, 15 ನಿಮಿಷ ಒಂದೇ ಸಮನೆ ಮಿತಿಯ ಮೇಲಿದ್ದರೆ ಮಾತ್ರ ಫೈರಿಂಗ್ ಆಗುತ್ತದೆ, ನಡುವೆ ಒಮ್ಮೆ ಇಳಿದರೂ ಎಣಿಕೆ ಮೊದಲಿಂದ. ಲೋಡ್ ಆವರೇಜ್‌ಗೆ (ಓಡುತ್ತಿರುವ, ಸರದಿಗೆ ಕಾಯುತ್ತಿರುವ ಪ್ರೋಸೆಸ್‌ಗಳ ಸರಾಸರಿ ಸಂಖ್ಯೆ) ಸುಮ್ನೆ 5 ಅಂತ ಹಾಕಬೇಡಿ. 2 ಕೋರ್ ಇರುವ ಮೆಷಿನ್‌ಗೆ ಅದು ಭಾರ, 32 ಕೋರ್‌ಗೆ ಏನೂ ಅಲ್ಲ. ಲಿನಕ್ಸ್‌ನಲ್ಲಿ ಡಿಸ್ಕ್‌ಗಾಗಿ ಕಾಯುತ್ತಾ ಸಿಕ್ಕಿಕೊಂಡ ಪ್ರೋಸೆಸ್‌ಗಳೂ ಲೋಡ್‌ನಲ್ಲಿ ಸೇರುತ್ತವೆ, ಹಾಗಾಗಿ ಸಿಪಿಯು ಖಾಲಿ ಇದ್ದರೂ ಲೋಡ್ ಏರಬಹುದು.

ಮೆಮೊರಿಗೆ ಒಂದೇ ಮಾತು: 'ಫ್ರೀ' ನೋಡಬೇಡಿ, 'ಅವೈಲಬಲ್' ನೋಡಿ. ಖಾಲಿ ಇರುವ ಮೆಮೊರಿಯನ್ನು ಲಿನಕ್ಸ್ ಫೈಲ್ ಕ್ಯಾಶ್‌ಗೆ ಬಳಸಿಕೊಳ್ಳುತ್ತದೆ, ಬೇಕಾದಾಗ ಬಿಟ್ಟುಕೊಡುತ್ತದೆ. ಫ್ರೀ ಕಡಿಮೆ ಇರುವುದು ಸಹಜ.

ಡಿಸ್ಕ್‌ಗೆ ಮಾತ್ರ ಕೂತು ಸಮಯ ಕೊಡಿ. 90% ಅನ್ನುವ ಮಿತಿ 20 ಜಿಬಿ ಡಿಸ್ಕ್‌ನಲ್ಲಿ 2 ಜಿಬಿ ಉಳಿದಾಗ ಕೂಗುತ್ತದೆ, 2 ಟಿಬಿಯಲ್ಲಿ 200 ಜಿಬಿ ಉಳಿದಿರುವಾಗಲೇ ಕೂಗುತ್ತದೆ. ಎರಡೂ ಒಂದೇ ಅಲ್ಲ ಅಲ್ವಾ? ನಮಗೆ ಬೇಕಾದದ್ದು ಎಷ್ಟು ತುಂಬಿದೆ ಅನ್ನುವುದಕ್ಕಿಂತ, ಯಾವಾಗ ತುಂಬುತ್ತದೆ ಅನ್ನುವುದು. ಪ್ರೊಮಿಥಿಯಸ್‌ನಲ್ಲಿ ಇದಕ್ಕೆ ಪ್ರೆಡಿಕ್ಟ್ ಲೀನಿಯರ್ ಎಂಬ ಫಂಕ್ಷನ್ ಇದೆ. ಕಳೆದ, ಉದಾಹರಣೆಗೆ, 6 ಗಂಟೆಯಲ್ಲಿ ಉಳಿದಿದ್ದ ಜಾಗದ ಅಂಕಿಗಳ ಮೇಲೆ ಒಂದು ನೇರ ಗೆರೆ ಎಳೆದು, ಇನ್ನು ಇಷ್ಟು ಹೊತ್ತಿಗೆ ಎಷ್ಟಾಗುತ್ತದೆ ಅಂತ ಹೇಳುತ್ತದೆ. ನಾನು ಎರಡು ರೂಲ್ ಇಡುತ್ತೇನೆ. 24 ಗಂಟೆಯಲ್ಲಿ ತುಂಬುವ ಹಾಗಿದ್ದರೆ ಇಮೇಲ್, 4 ಗಂಟೆಯಲ್ಲಿ ತುಂಬುವ ಹಾಗಿದ್ದರೆ ಫೋನ್. ಆದರೆ ಇದೊಂದನ್ನೇ ನಂಬಬೇಡಿ. ಬ್ಯಾಕಪ್‌ನ ದೊಡ್ಡ ಟೆಂಪ್ ಫೈಲ್ ಬಂದಾಗಲೂ ಗೆರೆ ಕಡಿದಾಗಿ ಇಳಿಯುತ್ತದೆ, ಅದಕ್ಕೇ "ಉಳಿದಿರುವುದು 20%ಗಿಂತ ಕಡಿಮೆ" ಅನ್ನುವ ಷರತ್ತನ್ನೂ 'ಆಂಡ್' ಹಾಕಿ ಸೇರಿಸಿ. ನನ್ನ ಆ ಡೇಟಾಬೇಸ್‌ನ ಗ್ರಾಫ್ ಆಮೇಲೆ ತೆಗೆದು ನೋಡಿದೆ, ಬಿನ್‌ಲಾಗ್ (ಡೇಟಾಬೇಸ್ ತನ್ನ ಬದಲಾವಣೆಗಳನ್ನು ಬರೆದಿಡುವ ಫೈಲ್) ಮಧ್ಯಾಹ್ನದಿಂದಲೇ ಒಂದೇ ಸಮನೆ ಬೆಳೆಯುತ್ತಿತ್ತು. ಈ ರೂಲ್ ಇದ್ದಿದ್ದರೆ ಸಂಜೆ ಕಾಫಿ ಹೊತ್ತಿಗೇ ಗೊತ್ತಾಗುತ್ತಿತ್ತು.

ಇಲ್ಲೂ 'ಫ್ರೀ' ಬದಲು 'ಅವೈಲ್' ಬಳಸಿ. ಲಿನಕ್ಸ್‌ನ ಇಎಕ್ಸ್‌ಟಿ4 ಫೈಲ್ ಸಿಸ್ಟಂನಲ್ಲಿ ಡೀಫಾಲ್ಟ್ ಆಗಿ 5% ಜಾಗ ರೂಟ್‌ಗೆ (ಅಡ್ಮಿನ್ ಖಾತೆಗೆ) ಅಂತ ಮೊದಲೇ ಎತ್ತಿಟ್ಟಿರುತ್ತದೆ, ಉಳಿದವರಿಗೆ ಅದು ಸಿಗುವುದಿಲ್ಲ. ಐನೋಡ್‌ಗೂ (ಪ್ರತಿ ಫೈಲ್‌ಗೂ ಒಂದೊಂದು ಬೇಕಾದ ದಾಖಲೆ, ಇವುಗಳ ಸಂಖ್ಯೆಗೆ ಮಿತಿ ಇರುತ್ತದೆ) ಒಂದು ರೂಲ್ ಇರಲಿ. ಸಣ್ಣ ಫೈಲ್‌ಗಳು ಲಕ್ಷಗಟ್ಟಲೆ ಸೇರಿದರೆ ಜಾಗ ಇದ್ದರೂ ಡಿಸ್ಕ್ ತುಂಬಿದೆ ಎಂಬ ಎರರ್ ಬರುತ್ತದೆ.

ಈಗ ಮೆಸೇಜ್ ಕಳಿಸುವ ಅಲರ್ಟ್‌ಮ್ಯಾನೇಜರ್. ರೂಲ್‌ಗಳಿಗೆ 'ಸಿವಿಯರಿಟಿ' (ತೀವ್ರತೆ) ಲೇಬಲ್ ಹಾಕಿ, ಕ್ರಿಟಿಕಲ್ ಆದರೆ ಫೋನ್, ವಾರ್ನಿಂಗ್ ಆದರೆ ಇಮೇಲ್ ಅಂತ ದಾರಿ ಬೇರೆ ಮಾಡಿ. ಒಂದು ಸ್ವಿಚ್ ಹೋಗಿ 30 ಸರ್ವರ್ ಒಟ್ಟಿಗೆ ಕಾಣೆಯಾದರೆ 30 ಮೆಸೇಜ್ ಬರಬಾರದು, ಅವನ್ನು ಒಂದೇ ಮೆಸೇಜ್‌ಗೆ ಗುಂಪು ಮಾಡಲು 'ಗ್ರೂಪ್ ಬೈ' ಇದೆ. ಡೀಫಾಲ್ಟ್ ಆಗಿ ಗುಂಪಿನ ಮೊದಲ ಮೆಸೇಜ್‌ಗೆ ಮುಂಚೆ 30 ಸೆಕೆಂಡ್ ಕಾಯುತ್ತದೆ, ಗುಂಪಿಗೆ ಹೊಸದು ಸೇರಿದರೆ 5 ನಿಮಿಷ, ಅದೇ ಅಲರ್ಟ್ ಮುಂದುವರಿದರೆ 4 ಗಂಟೆಗೊಮ್ಮೆ ಮತ್ತೆ ನೆನಪಿಸುತ್ತದೆ. ಶುರುವಿಗೆ ಇವು ಸಾಕು. ಬ್ಯಾಕಪ್ ಹೊತ್ತಿಗೆ ಸಿಪಿಯು ರೂಲ್ ಮಾತ್ರ ಮ್ಯೂಟ್ ಮಾಡಲು 'ಟೈಮ್ ಇಂಟರ್ವಲ್' ಬಳಸುವಾಗ ಹುಷಾರು: ಲೊಕೇಶನ್ ಅಂತ ಏಷ್ಯಾ/ಕೋಲ್ಕತಾ ಬರೆಯದಿದ್ದರೆ ಅದು ಯುಟಿಸಿ ಸಮಯ (ನಮಗಿಂತ ಐದೂವರೆ ಗಂಟೆ ಹಿಂದಿರುವ ಅಂತರರಾಷ್ಟ್ರೀಯ ಸಮಯ) ಹಿಡಿಯುತ್ತದೆ, ನಮ್ಮ ರಾತ್ರಿ 2 ಗಂಟೆ ಅಲ್ಲಿ ಹಿಂದಿನ ದಿನದ 20:30. ಇಮೇಲ್‌ಗೆ "ಸರಿಹೋಯಿತು" ಅನ್ನುವ ಮೆಸೇಜ್ ತಾನಾಗಿ ಬರುವುದಿಲ್ಲ, 'ಸೆಂಡ್ ರಿಸಾಲ್ವ್ಡ್' ಆನ್ ಮಾಡಬೇಕು.

ಮೆಸೇಜ್ ಬರೆಯುವಾಗ ನಿದ್ದೆಗಣ್ಣಿನಲ್ಲಿ ಓದುವವರನ್ನು ನೆನೆಸಿಕೊಳ್ಳಿ. "ಡಿಸ್ಕ್ ಹೈ" ಅಂದರೆ ಏನೂ ತಿಳಿಯದು. "ಡಿಬಿ-2, /var ಪಾರ್ಟಿಶನ್, ಉಳಿದಿರುವುದು 3.1 ಜಿಬಿ, ಈ ವೇಗದಲ್ಲಿ 4 ಗಂಟೆಯೊಳಗೆ ತುಂಬುತ್ತದೆ, ಮೊದಲು ಹಳೆಯ ಬಿನ್‌ಲಾಗ್ ನೋಡಿ" ಅಂತಿದ್ದರೆ ಹಾಸಿಗೆ ಬಿಟ್ಟು ಏಳುವ ಮೊದಲೇ ಅರ್ಧ ಕೆಲಸ ಆಗಿರುತ್ತದೆ.

ಇನ್ನೊಂದು ಮರೆಯಬೇಡಿ. ಸರ್ವರ್ ಪೂರ್ತಿ ಸತ್ತರೆ ಸಿಪಿಯು, ಡಿಸ್ಕ್ ರೂಲ್‌ಗಳೆಲ್ಲ ಮೌನವಾಗುತ್ತವೆ, ಅಂಕಿಯೇ ಇಲ್ಲದ ಮೇಲೆ ಮಿತಿ ದಾಟುವುದು ಹೇಗೆ? ಅದಕ್ಕೆ 'ಅಪ್' (ಸರ್ವರ್‌ನಿಂದ ಅಂಕಿ ಸಿಕ್ಕರೆ 1, ಸಿಗದಿದ್ದರೆ 0) ಸೊನ್ನೆ ಆದರೆ ಅಂತ ಬೇರೆ ರೂಲ್ ಬೇಕೇ ಬೇಕು. ಪ್ರೊಮಿಥಿಯಸ್ಸೇ ಸತ್ತರೆ? ಸದಾ ಫೈರ್ ಆಗುತ್ತಲೇ ಇರುವ ವಾಚ್‌ಡಾಗ್ ಅಲರ್ಟ್ ಒಂದನ್ನು ಹೊರಗಿನ ಒಂದು ಸೇವೆಗೆ ಕಳಿಸುತ್ತಿರಿ, ಅದು ಬರುವುದು ನಿಂತರೆ ಆ ಸೇವೆ ನಿಮ್ಮನ್ನು ಕರೆಯಲಿ.

ಎಲ್ಲ ಬರೆದಾದ ಮೇಲೆ ಪ್ರೊಮಿಥಿಯಸ್ ಜೊತೆಗೇ ಬರುವ ಪ್ರಾಮ್‌ಟೂಲ್‌ನಲ್ಲಿ ರೂಲ್ ಚೆಕ್ ಮಾಡಿ. ಅಷ್ಟಕ್ಕೇ ಬಿಡಬೇಡಿ. ಟೆಸ್ಟ್ ಸರ್ವರ್ ಒಂದರಲ್ಲಿ ಎಫ್‌ಅಲೋಕೇಟ್ ಕಮಾಂಡ್ ಬಳಸಿ ದೊಡ್ಡ ಫೈಲ್ ಮಾಡಿ ಡಿಸ್ಕ್ ತುಂಬಿಸಿ, 'ಫಾರ್' ಸಮಯ ಕಳೆಯುವವರೆಗೆ ಕಾಯಿರಿ. ಇದನ್ನು ರಾತ್ರಿ ಹನ್ನೊಂದರ ಮೇಲೆ, ಫೋನ್ ಡು ನಾಟ್ ಡಿಸ್ಟರ್ಬ್‌ನಲ್ಲಿ ಇರುವಾಗಲೇ ಮಾಡಿ. ಸದ್ದು ಬರದಿದ್ದರೆ ಫೋನ್ ಸೆಟ್ಟಿಂಗ್ಸ್‌ಗೆ ಹೋಗಿ ಅಲರ್ಟ್ ತರುವ ಆ್ಯಪ್‌ಗೆ ವಿನಾಯಿತಿ ಕೊಟ್ಟು, ಫೈಲ್ ಅಳಿಸಿ, ಇನ್ನೊಮ್ಮೆ ತುಂಬಿಸಿ ನೋಡಿ.