ರಾಯಚೂರಿನ ಬಿಸಿಲಲ್ಲಿ ವ್ಯಾಯಾಮ: ನೀರು, ಉಪ್ಪು, ರೊಟ್ಟಿಯ ಲೆಕ್ಕ

‘ನನಗ ಬೆವರೇ ಬರೂದಿಲ್ಲ’ ಎನ್ನುವವರು ರಾಯಚೂರಿನಲ್ಲಿ ಬಹಳ. ಬೆವರು ಬಂದಿರುತ್ತದೆ, ಕಂಡಿರುವುದಿಲ್ಲ. ಏಪ್ರಿಲ್–ಮೇ ತಿಂಗಳ ಒಣ ಗಾಳಿ ಅದನ್ನು ಮೈಮೇಲೆ ನಿಲ್ಲಗೊಡುವುದಿಲ್ಲ. ಕಪ್ಪು ಅಂಗಿಯ ಬೆನ್ನಿನ ಮೇಲೆ ಮೂಡುವ ಬಿಳಿ ಗೆರೆ ನೋಡಿ, ಅದು ಹೋದ ಉಪ್ಪು. ಆದ್ದರಿಂದ ಎಲ್ಲರಿಗೂ ‘ದಿನಕ್ಕೆ ಇಷ್ಟು ಲೀಟರ್ ನೀರು’ ಎಂದು ನಾನು ಹೇಳುವುದಿಲ್ಲ. ಎಷ್ಟು ಬೆವರು ಹೋಯಿತೆಂದು ತಿಳಿಯಲು ತೂಕದ ಮಷಿನ್ ಮೇಲೆ ನಿಲ್ಲಿಸುತ್ತೇನೆ.

100 ಗ್ರಾಂ ವ್ಯತ್ಯಾಸ ತೋರಿಸುವ ಡಿಜಿಟಲ್ ಮಷಿನ್ ಸಾಕು. ಗಟ್ಟಿ ನೆಲದ ಮೇಲಿಡಿ. ಚಾಪೆ ಮೇಲಿಟ್ಟರೆ ತಪ್ಪು ತೋರಿಸುತ್ತದೆ. ಮೂತ್ರಕ್ಕೆ ಹೋಗಿ ಬಂದು, ಆದಷ್ಟು ಕಡಿಮೆ ಬಟ್ಟೆಯಲ್ಲಿ ತೂಗಿಕೊಳ್ಳಿ. ಒಂದು ಗಂಟೆ ವ್ಯಾಯಾಮವಾದ ಮೇಲೆ ಮೈ ಒರೆಸಿಕೊಂಡು ಮತ್ತೆ ತೂಗಿ. ಒದ್ದೆ ಬಟ್ಟೆಯಲ್ಲಿ ನಿಂತರೆ ಲೆಕ್ಕ ಕೆಡುತ್ತದೆ. ಮೊದಲು 68.4 ಕೆ.ಜಿ., ಆಮೇಲೆ 67.5, ನಡುವೆ ಕುಡಿದದ್ದು 400 ಮಿ.ಲೀ. ಎಂದಾದರೆ ಬೆವರಿದ್ದು ಸುಮಾರು 1.3 ಲೀಟರ್. ಕುಡಿದದ್ದರಲ್ಲಿ ಸ್ವಲ್ಪ ಮೂತ್ರವಾಗಿ ಹೋಗುವುದರಿಂದ, ಇಳಿದ 900 ಗ್ರಾಂಗೆ ಪ್ರತಿಯಾಗಿ 1.1ರಿಂದ 1.3 ಲೀಟರ್ ಅನ್ನು ಮುಂದಿನ ಎರಡು–ಮೂರು ತಾಸುಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಕುಡಿಯಬೇಕು. ಒಂದೇ ಸಲ ಚೊಂಬು ಎತ್ತಿದರೆ ಇನ್ನೂ ಹೆಚ್ಚು ಮೂತ್ರವಾಗಿ ಹೋಗುತ್ತದೆ. ವ್ಯಾಯಾಮದ ನಡುವೆ ಕುಡಿದರೆ ಹೊಟ್ಟೆ ಹಿಡಿಯುತ್ತದೆ ಎಂಬ ಭಯ ಬರುವುದೂ ಹೀಗೆ ಗಟಗಟ ಕುಡಿಯುವುದರಿಂದಲೇ. 15–20 ನಿಮಿಷಕ್ಕೊಮ್ಮೆ 150 ಮಿ.ಲೀ. ಕುಡಿದರೆ ಸಾಮಾನ್ಯವಾಗಿ ತೊಂದರೆಯಾಗದು.

ವ್ಯಾಯಾಮದ ನಂತರ ತೂಕ ಹೆಚ್ಚಿದ್ದರೆ ಅತಿಯಾಗಿ ಕುಡಿದಿದ್ದೀರಿ ಎಂದೇ ಅರ್ಥ. ಉಪ್ಪು ಕಳೆದುಕೊಂಡು ಬರೀ ನೀರು ತುಂಬಿಕೊಂಡರೆ ರಕ್ತದ ಸೋಡಿಯಂ ಇಳಿದು ತಲೆನೋವು, ವಾಂತಿ, ಗೊಂದಲ ಕಾಣಿಸಬಹುದು. ಇದು ಜೀವಕ್ಕೇ ಎರವಾಗುವಂಥದ್ದು. ಒಂದು ತಾಸಿಗೂ ಮೀರಿ ಬೆವರು ಹರಿಸುವವರಿಗೆ ನಾನು ಹೇಳುವುದು ಮಜ್ಜಿಗೆ: ಒಂದು ಪಾಲು ಮೊಸರು, ಮೂರು ಪಾಲು ನೀರು, ಅರ್ಧ ಲೀಟರಿಗೆ ಕಾಲು ಚಮಚ ಉಪ್ಪು. ಬಿ.ಪಿ., ಕಿಡ್ನಿ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಇದನ್ನು ಮಾಡಬಾರದು. ಅರ್ಧ ತಾಸು ವಾಕಿಂಗ್ ಮಾಡುವವರಿಗೆ ಈ ಉಪ್ಪು ಬೇಕಾಗಿಯೇ ಇಲ್ಲ. ಉಪ್ಪಿನಕಾಯಿ, ಚಟ್ನಿಪುಡಿಯಲ್ಲಿ ಅದು ಧಾರಾಳವಾಗಿ ಸಿಗುತ್ತದೆ.

ಬೆವರು ಕೊಬ್ಬಲ್ಲ. ಪ್ಲಾಸ್ಟಿಕ್ ಜಾಕೆಟ್ ಹಾಕಿಕೊಂಡು ಓಡಿದರೆ ಇಳಿಯುವುದು ನೀರಿನ ತೂಕ, ಕುಡಿದೊಡನೆ ಮರಳುತ್ತದೆ. ಒಂದು ಲೀಟರ್ ಬೆವರು ಆರಿದರೆ ಮೈಯಿಂದ ಸುಮಾರು 580 ಕಿಲೋ ಕ್ಯಾಲೊರಿ ಶಾಖ ಹೊರಹೋಗುತ್ತದೆ. ಆರಲು ಬಿಡದಿದ್ದರೆ ಆ ಶಾಖವೆಲ್ಲ ಒಳಗೇ ಉಳಿಯುತ್ತದೆ. 42 ಡಿಗ್ರಿ ಮುಟ್ಟುವ ಊರಿನಲ್ಲಿ ಇದು ಪ್ರಾಣಾಪಾಯದ ಕೆಲಸ. ಮಾತು ತಡವರಿಸಿದರೆ, ಹೆಜ್ಜೆ ತಪ್ಪಿದರೆ ನೆರಳಿಗೆ ಒಯ್ದು, ಮೈತುಂಬ ನೀರು ಸುರಿಯುತ್ತ ಗಾಳಿ ಹಾಕಿ, 108ಕ್ಕೆ ಕರೆ ಮಾಡಿ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ.

ಬೇಸಿಗೆಯಲ್ಲಿ ಬೆಳಗಿನ 5ರಿಂದ 6.30 ಒಳ್ಳೆಯ ಹೊತ್ತು. ಸಂಜೆ ಸೂರ್ಯ ಮುಳುಗಿದರೂ ಬಂಡೆ, ಗೋಡೆ, ಡಾಂಬರು ಕಾವು ಬಿಡುತ್ತಲೇ ಇರುತ್ತವೆ. ಮಾರ್ಚ್‌ನಲ್ಲಿ 20 ನಿಮಿಷದಿಂದ ಶುರು ಮಾಡಿ, ದಿನಕ್ಕೆ 3–4 ನಿಮಿಷ ಏರಿಸುತ್ತ ಹೋದರೆ 10–14 ದಿನಗಳಲ್ಲಿ ಮೈ ಸೆಕೆಗೆ ಹೊಂದಿಕೊಳ್ಳುತ್ತದೆ: ಬೆವರು ಬೇಗ ಶುರುವಾಗುತ್ತದೆ, ಅದರಲ್ಲಿ ಉಪ್ಪಿನ ಅಂಶ ಇಳಿಯುತ್ತದೆ.

ಇನ್ನು ಊಟ. ಜೋಳದ ರೊಟ್ಟಿ ಎಷ್ಟು ತಿಂದರೂ ದಪ್ಪ ಆಗೂದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿ. 50 ಗ್ರಾಂ ಹಿಟ್ಟಿನ ಒಂದು ರೊಟ್ಟಿಯಲ್ಲಿ ಸುಮಾರು 170 ಕಿಲೋ ಕ್ಯಾಲೊರಿ, 5 ಗ್ರಾಂ ಪ್ರೋಟೀನ್ ಇರುತ್ತದೆ. ರೊಟ್ಟಿ ಒಳ್ಳೆಯದೇ, ಲೆಕ್ಕ ತಪ್ಪಿಸುವುದು ಶೇಂಗಾ ಚಟ್ನಿಯ ಮೇಲೆ ಸುರಿಯುವ ಎಣ್ಣೆ. ಒಂದು ದೊಡ್ಡ ಚಮಚ ಎಣ್ಣೆ ಎಂದರೆ 120 ಕಿಲೋ ಕ್ಯಾಲೊರಿ ಮೇಲೆಯೇ.

ಕಸರತ್ತು ಮಾಡುವ 60 ಕೆ.ಜಿ. ತೂಕದವರಿಗೆ ನಾನು ದಿನಕ್ಕೆ 72ರಿಂದ 96 ಗ್ರಾಂ ಪ್ರೋಟೀನ್ ಹಿಡಿಯುತ್ತೇನೆ. ಡಬ್ಬಿಯ ಪುಡಿ ಕೊಳ್ಳದೆಯೂ ಇದು ಕೂಡುತ್ತದೆ: ಐದು ರೊಟ್ಟಿಗೆ 25, ನೆನೆಸುವ ಮುಂಚಿನ ತೂಕದಲ್ಲಿ 100 ಗ್ರಾಂ ಹೆಸರುಕಾಳಿಗೆ 23, ಅರ್ಧ ಲೀಟರ್ ಹಾಲು–ಮೊಸರಿಗೆ 16, ಎರಡು ಮೊಟ್ಟೆಗೆ 12, ಒಂದು ಹಿಡಿ ಶೇಂಗಾಕ್ಕೆ 7. ಜೋಳದಲ್ಲಿ ಲೈಸಿನ್ ಎಂಬ ಅಮೈನೊ ಆಮ್ಲ ಕಡಿಮೆ, ಕಾಳಿನಲ್ಲಿ ಹೆಚ್ಚು. ಹೀಗಾಗಿ ರೊಟ್ಟಿ ಜೊತೆ ಬರೀ ಚಟ್ನಿ ಬೇಡ, ಒಂದು ಬಟ್ಟಲು ಕಾಳುಪಲ್ಯ ಇರಲೇಬೇಕು.

ಹೊಟ್ಟೆಯ ಕಸರತ್ತು ಮಾಡಿದರೆ ಹೊಟ್ಟೆಯ ಕೊಬ್ಬೇ ಕರಗುತ್ತದೆ ಎನ್ನುವುದು ಸರಿಯಲ್ಲ. ರಾತ್ರಿ ಉಂಡ ಅನ್ನವೇ ಬೊಜ್ಜಾಗುತ್ತದೆ ಎನ್ನುವುದೂ ಸರಿಯಲ್ಲ, ಇಡೀ ದಿನದ ಒಟ್ಟು ಲೆಕ್ಕ ಮುಖ್ಯ. ಬೆಳಗಿನ ಓಟ ಮುಗಿಸಿ ಮಂಡಕ್ಕಿ ಒಗ್ಗರಣಿ–ಮಿರ್ಚಿ ಬಜ್ಜಿ ತಿನ್ನುವವರು ಮಿರ್ಚಿ ಕುಡಿದ ಎಣ್ಣೆಯನ್ನೂ ಆ ಲೆಕ್ಕಕ್ಕೆ ಸೇರಿಸಿಕೊಳ್ಳಲಿ.