ಚೆನ್ನಾಗಿದೀನಿ ಅಂದ್ರೆ ನಂಬ್ಕೊಂಡು ಫೋನ್ ಇಡ್ಬೇಡಿ

2020ರ ಮಾರ್ಚ್ 11ಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್‌ನ ಪ್ಯಾಂಡೆಮಿಕ್ ಅಂತ ಹೇಳ್ತಲ್ಲ, ಅದಾದ್ಮೇಲೆ ನಾವು ಆರು ಜನ ಸೇರ್ಕೊಂಡು ನಮ್ಮ ಗಲ್ಲಿಗಳಲ್ಲಿ ವಯಸ್ಸಾದೋರಿರೋ 43 ಮನೆ ಲಿಸ್ಟ್ ಮಾಡಿದ್ವಿ. ಒಬ್ಬೊಬ್ರಿಗೆ ಏಳೆಂಟು ಮನೆ, ದಿನಾ ಒಂದು ಫೋನು, ಫೋನ್ ಇಲ್ದಿದ್ರೆ ಬಾಗ್ಲಾಚೆ ನಿಂತು ಮಾತು.

ಮೊದಲ ಎರಡು ವಾರ ಹೇಗಿದೀರಾ ಅಂತ ಕೇಳ್ತಿದ್ದೆ, ಎಲ್ರೂ ಚೆನ್ನಾಗಿದೀನಪ್ಪ ಅಂತಿದ್ರು, ನಾನೂ ಟಿಕ್ ಹಾಕ್ತಿದ್ದೆ. ಒಂದಿನ ಒಬ್ಬ ಅಜ್ಜಿ ಮನೆಗೆ ರೇಷನ್ ಕೊಡೋಕೆ ಹೋದಾಗ ಬಿಪಿ ಮಾತ್ರೆ ಶೀಟ್ ಕಣ್ಣಿಗೆ ಬಿತ್ತು, ಪಕ್ಕದಲ್ಲಿ ಒಂದು ಬ್ಲೇಡು, ಅರ್ಧರ್ಧ ಮಾಡಿದ ಮಾತ್ರೆಗಳು ಪೇಪರ್ ಮೇಲೆ. ಮಗನಿಗೆ ಕೆಲಸ ಇಲ್ಲ, ಮುಗಿದೋದ್ರೆ ಮತ್ತೆ ಕೇಳ್ಬೇಕಲ್ಲ ಅಂತ ಅರ್ಧ ನುಂಗ್ತಿದ್ರು. ಆವತ್ತಿಂದ ಪ್ರಶ್ನೆನೇ ಬದಲಾಯಿಸ್ದೆ, ಅಜ್ಜಿ ಶೀಟ್ ಕೈಗೆ ತಗೊಳ್ಳಿ, ಎಷ್ಟು ಉಳಿದಿದೆ ಎಣಿಸಿ ಹೇಳಿ. ಹತ್ತಕ್ಕಿಂತ ಕಮ್ಮಿ ಇದ್ರೆ ಅವ್ರು ಕೇಳೋಕೆ ಮುಂಚೆ ನಾವೇ ತಂದ್ಕೊಡ್ತಿದ್ವಿ.

ವಯಸ್ಸಾದೋರ್ನ ಬೇರೆ ರೂಮಲ್ಲಿ ಇಡಿ ಅಂತ ಎಲ್ಲಾ ಕಡೆ ಹೇಳ್ತಿದ್ರು, ಇರೋದೇ ಒಂದು ರೂಮು, ಐದು ಜನ. ಅಲ್ಲಿ ಮಾಡೋಕಾಗಿದ್ದು ಇಷ್ಟೇ, ತಾತನ ಹಾಸಿಗೆ ಕಿಟಕಿ ಹತ್ರ, ಕಿಟಕಿ ಯಾವಾಗ್ಲೂ ತೆಗೆದಿರ್ಬೇಕು, ಹೊರಗೆ ಕೆಲಸಕ್ಕೆ ಹೋಗಿ ಬರೋರು ಮನೆ ಒಳಗೂ ಮಾಸ್ಕ್ ಹಾಕ್ಬೇಕು.

ಬೆರಳಿಗೆ ಸಿಕ್ಕಿಸಿ ರಕ್ತದಲ್ಲಿ ಆಕ್ಸಿಜನ್ ಎಷ್ಟು ಪರ್ಸೆಂಟ್ ಇದೆ ಅಂತ ನೋಡೋ ಆಕ್ಸಿಮೀಟರ್ ಎರಡಿತ್ತು, ಮನೆಯಿಂದ ಮನೆಗೆ ಒರೆಸಿ ಒರೆಸಿ ಕೊಡ್ತಿದ್ವಿ. ಒಬ್ಬರಿಗೆ 86 ತೋರಿಸ್ತು, ಎಲ್ರೂ ಗಾಬರಿ, ನೋಡಿದ್ರೆ ಬೆರಳು ಐಸ್ ಥರ ತಣ್ಣಗಿತ್ತು, ಕೈ ಉಜ್ಜಿ ಬೆಚ್ಚಗೆ ಮಾಡಿ ಒಂದು ನಿಮಿಷ ಅಲ್ಲಾಡಿಸದೆ ಇಟ್ಟಾಗ 96. ಆದ್ರೆ ಆಮೇಲೂ 94ಕ್ಕಿಂತ ಕೆಳಗಿದ್ರೆ ನಾವು ಕಾಯ್ತಿರ್ಲಿಲ್ಲ, ಡಾಕ್ಟರಿಗೆ ಫೋನ್.

ಒಬ್ಬ ತಾತನ ವಿಷಯ ಮಾತ್ರ ಇವತ್ತಿಗೂ ಸಂಕಟ ಆಗುತ್ತೆ. ಜ್ವರ ಇಲ್ಲ, ಕೆಮ್ಮಿಲ್ಲ, ಎರಡು ದಿನದಿಂದ ಊಟ ಬೇಡ ಅಂತಿದ್ರು, ಮಗಳನ್ನ ತಂಗಿ ಹೆಸರಲ್ಲಿ ಕರೀತಿದ್ರು. ವಯಸ್ಸಾಯ್ತಲ್ಲ ಅಂತ ಮನೆಯವ್ರೂ ಅಂದ್ರು ನಾನೂ ಅಂದೆ. ವಯಸ್ಸಾದೋರಲ್ಲಿ ಕೋವಿಡ್ ಹೀಗೆ ಬರೀ ಗೊಂದಲ, ಸುಸ್ತು, ಇದ್ದಕ್ಕಿದ್ದಂಗೆ ಬೀಳೋದು ಇಷ್ಟರಲ್ಲೇ ಶುರುವಾಗ್ಬಹುದು ಅಂತ ನಂಗೆ ಗೊತ್ತಿರ್ಲಿಲ್ಲ. ಆಸ್ಪತ್ರೆಗೆ ಸೇರಿಸೋ ಹೊತ್ತಿಗೆ ತಡ ಆಗಿತ್ತು, ಅವ್ರು ವಾಪಸ್ ಬರ್ಲಿಲ್ಲ.

ಮಾರನೇ ದಿನಾನೇ ಲಿಸ್ಟಲ್ಲಿ ಇನ್ನೊಂದು ಪ್ರಶ್ನೆ ಬರ್ಕೊಂಡ್ವಿ, ಇದನ್ನ ಮನೇಲಿರೋ ಬೇರೆಯವ್ರಿಗೆ ಕೇಳ್ಬೇಕು: ನಿನ್ನೆ ಮಾತಾಡ್ದಂಗೇ ಇವತ್ತೂ ಮಾತಾಡ್ತಿದಾರಾ?